ತಕ್ಕಡಿ ಬಿಸಿಲಿಗೆ ಯಾಕೆ ಓಡುತ್ತದೆ? ಬೋರ್ಡಿಗೆ ಬಿಡಿಭಾಗ ಹಾಕಿಸುವ ಮುನ್ನ ತಿಳಿಯಬೇಕಾದ್ದು

ಬೆಳಗ್ಗೆ ಅಂಗಡಿ ಬಾಗಿಲು ತೆಗೆದಾಗ ಸರಿಯಾಗಿ ಸೊನ್ನೆ ತೋರಿಸಿದ ಎಲೆಕ್ಟ್ರಾನಿಕ್ ತಕ್ಕಡಿ ಮಧ್ಯಾಹ್ನದ ಹೊತ್ತಿಗೆ ಖಾಲಿ ತಟ್ಟೆಯಲ್ಲೇ 20 ಗ್ರಾಂ, 30 ಗ್ರಾಂ ಅಂತ ಓಡತೊಡಗುತ್ತದೆ. ಅಂಗಡಿಯವರು ಟೇರ್ ಬಟನ್ ಒತ್ತಿ ವ್ಯಾಪಾರ ಮುಂದುವರಿಸುತ್ತಾರೆ. ಗಿರಾಕಿ ಮಾತ್ರ "ತೂಕ ಸರಿ ಇದೆಯಾ ಅಣ್ಣಾ?" ಅಂತ ಕೇಳದೆ ಬಿಡುವುದಿಲ್ಲ. ಬ್ಯಾಟರಿ, ಡಿಸ್‌ಪ್ಲೇ ಚೆನ್ನಾಗಿದ್ದೂ ಹೀಗಾಗುತ್ತಿದ್ದರೆ ಲೋಡ್ ಸೆಲ್ ಹಾಳಾಗಿರಬಹುದು, ಬೋರ್ಡಿಗೆ ತೇವ ಹಿಡಿದಿರಬಹುದು. ಇಲ್ಲವೇ ರಿಪೇರಿಯಲ್ಲಿ ತಪ್ಪು ಚಿಪ್ ಕೂತಿರಬಹುದು.

ತಟ್ಟೆಯ ಕೆಳಗೆ ಏನಿದೆ?

ತಟ್ಟೆಯ ಕೆಳಗಿರುವ ಅಲ್ಯೂಮಿನಿಯಂ ಪಟ್ಟಿಯೇ ಲೋಡ್ ಸೆಲ್. ತೂಕ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳ ರೆಸಿಸ್ಟೆನ್ಸ್ ಬದಲಾಗಿ ಸಣ್ಣ ವೋಲ್ಟೇಜ್ ಹೊರಬರುತ್ತದೆ.

ಎಷ್ಟು ಸಣ್ಣದು? 30 ಕೆ.ಜಿ. ಲೋಡ್ ಸೆಲ್‌ಗೆ 5 ವೋಲ್ಟ್ ಕೊಟ್ಟರೆ, ಪೂರ್ತಿ ಭಾರ ಹೇರಿದಾಗಲೂ ಸಾಮಾನ್ಯವಾಗಿ ಬರುವುದು 10 ಮಿಲಿವೋಲ್ಟ್ ಅಷ್ಟೇ. ಲೆಕ್ಕ ಹಾಕಿದರೆ 3 ಗ್ರಾಂಗೆ ಒಂದು ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು. ಇದನ್ನು ಹಿಗ್ಗಿಸುವ ಆಂಪ್ಲಿಫಯರ್, ಅಂಕಿಯಾಗಿ ಬದಲಿಸುವ ಎಡಿಸಿ ಚಿಪ್ ಇವೆರಡರ ಮೇಲೆ ತಕ್ಕಡಿಯ ಮರ್ಯಾದೆ ನಿಂತಿದೆ.

ಅಗ್ಗದ ಚಿಪ್, ದುಬಾರಿ ತಪ್ಪು

ರೇಡಿಯೋ, ಚಾರ್ಜರ್ ರಿಪೇರಿ ಮಾಡುವವರ ಡಬ್ಬಿಯಲ್ಲಿ ಎಲ್‌ಎಂ358 ಅನ್ನುವ ಆಂಪ್ಲಿಫಯರ್ ಚಿಪ್ ಇದ್ದೇ ಇರುತ್ತದೆ. ಅದರ ಕೆಲಸಕ್ಕೆ ಅದು ಒಳ್ಳೆಯ ಚಿಪ್ಪೇ. ಆದರೆ ಶಾಖ ಒಂದು ಡಿಗ್ರಿ ಏರಿದರೆ ಅದು ಸುಮಾರು 7 ಮೈಕ್ರೋವೋಲ್ಟ್ ಜಾರುತ್ತದೆ. ನಮ್ಮ 30 ಕೆ.ಜಿ. ತಕ್ಕಡಿಯಲ್ಲಿ ಅದು 21 ಗ್ರಾಂ. ಬೆಳಗ್ಗೆಯಿಂದ ಮಧ್ಯಾಹ್ನಕ್ಕೆ 10 ಡಿಗ್ರಿ ಏರಿದರೆ 210 ಗ್ರಾಂ! ಟೇರ್ ಒತ್ತಿದರೆ ಆ ಹೊತ್ತಿಗೆ ಸೊನ್ನೆ ಬರುತ್ತದೆ, ಜಾರುವುದು ನಿಲ್ಲುವುದಿಲ್ಲ.

ತಕ್ಕಡಿಗೆಂದೇ ಮಾಡಿದ ಚಿಪ್‌ಗಳಿವೆ. ಕಡಿಮೆ ಬೆಲೆಗೆ ಸಿಗುವ ಎಚ್‌ಎಕ್ಸ್711ನಲ್ಲಿ ಆಂಪ್ಲಿಫಯರ್, 24 ಬಿಟ್ ಎಡಿಸಿ ಎರಡೂ ಒಟ್ಟಿಗಿವೆ. ಡೇಟಾಶೀಟ್ ಲೆಕ್ಕದಲ್ಲಿ 10 ಡಿಗ್ರಿ ಏರಿದರೂ ಈ ಚಿಪ್‌ನಿಂದ ಸೊನ್ನೆ ಜಾರುವುದು ಒಂದು ಗ್ರಾಂಗೂ ಕಡಿಮೆ. ಅದಕ್ಕೇ ಚಿಪ್ ಆರಿಸುವಾಗ ಬೆಲೆಗಿಂತ ಮೊದಲು ಡೇಟಾಶೀಟ್‌ನಲ್ಲಿ 'ಡ್ರಿಫ್ಟ್' ಅನ್ನುವ ಸಾಲು ನೋಡಬೇಕು.

"24 ಬಿಟ್ ಇದೆ, ಇನ್ನೇನು ಬೇಕು" ಅನ್ನುವವರೂ ಇದ್ದಾರೆ. ಅಷ್ಟೂ ಬಿಟ್ ತೂಕಕ್ಕೆ ಸಿಗುವುದಿಲ್ಲ, ಕೊನೆಯ ಕೆಲವು ಬಿಟ್‌ಗಳು ಗದ್ದಲದಲ್ಲೇ ಹೋಗುತ್ತವೆ. ಎಚ್‌ಎಕ್ಸ್711 ಸೆಕೆಂಡಿಗೆ 10 ಸಲ ಇಲ್ಲವೇ 80 ಸಲ ಓದಬಲ್ಲದು. 10ಕ್ಕೆ ಇಟ್ಟರೆ ನಮ್ಮ 50 ಹರ್ಟ್ಜ್ ಕರೆಂಟಿನ ಗುಂಯ್‌ಗುಡುವಿಕೆಯನ್ನು ಅದು ತಾನೇ ಸೋಸುತ್ತದೆ. ಅಂಗಡಿ ತಕ್ಕಡಿಗೆ ಆ ವೇಗ ಸಾಕು.

ಇನ್ನೊಂದು ಮಾತು. ಲೋಡ್ ಸೆಲ್‌ಗೆ ಕೊಡುವ ವೋಲ್ಟೇಜನ್ನೇ ಎಡಿಸಿಯ ಅಳತೆಗೋಲಾಗಿಯೂ ಕೊಡಬೇಕು. ಆಗ ವೋಲ್ಟೇಜ್ ಸ್ವಲ್ಪ ಇಳಿದರೂ ಎರಡೂ ಒಟ್ಟಿಗೆ ಇಳಿಯುತ್ತವೆ, ತೂಕ ಬದಲಾಗುವುದಿಲ್ಲ. ಬೇರೆ ಬೇರೆ ಕೊಟ್ಟರೆ ಕರೆಂಟ್ ಏರಿಳಿದಂತೆ ತೂಕವೂ ಏರಿಳಿಯುವ ಭಯ ಇದ್ದೇ ಇದೆ.

ಬಿಲ್ಲಿಂಗ್ ಮೆಷಿನ್‌ಗೆ ಜೋಡಿಸುವಾಗ

ತಕ್ಕಡಿಯ ಅಂಕಿ ಕಂಪ್ಯೂಟರ್‌ಗೆ ಹೋಗಲು ಇಂಟರ್‌ಫೇಸ್ ಚಿಪ್ ಬೇಕು. ಕೌಂಟರ್ ಮೇಲೆ ಎರಡು ಅಡಿ ದೂರವಾದರೆ ಆರ್‌ಎಸ್-232 ಸಾಕು. ಇದಕ್ಕೆ ವಾಡಿಕೆಯ ಮಿತಿ ಸುಮಾರು 15 ಮೀಟರ್. ಬೋರ್ಡಿನ 5 ವೋಲ್ಟ್ ವೈರನ್ನು ನೇರವಾಗಿ ಈ ಪೋರ್ಟಿಗೆ ಜೋಡಿಸಬಾರದು. ಅಲ್ಲಿ ಪ್ಲಸ್, ಮೈನಸ್ ಎರಡೂ ಕಡೆ 15 ವೋಲ್ಟ್‌ವರೆಗೆ ಇರಬಹುದು, ಬೋರ್ಡ್ ಸುಟ್ಟೀತು. ನಡುವೆ ಮ್ಯಾಕ್ಸ್232 ಜಾತಿಯ ಚಿಪ್ ಇರಲೇಬೇಕು.

ಲಾರಿ ತೂಗುವ ವೇಬ್ರಿಡ್ಜ್‌ನ ಅಂಕಿಯನ್ನು ದೂರದ ಆಫೀಸಿಗೆ ಕಳಿಸುವುದಾದರೆ ಆರ್‌ಎಸ್-485 ಮೇಲು. ಅದು ಎರಡು ವೈರ್‌ಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಮೋಟರ್, ವೆಲ್ಡಿಂಗ್ ಗದ್ದಲಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ನಿಧಾನ ವೇಗದಲ್ಲಿ 1,200 ಮೀಟರ್‌ವರೆಗೂ ಹೋಗುತ್ತದೆ. ಬಯಲಲ್ಲಿ ವೈರ್ ಎಳೆದಿದ್ದರೆ ಸಿಡಿಲಿನ ಏಟು ತಗ್ಗಿಸಲು ಎರಡೂ ತುದಿಗೆ ಟಿವಿಎಸ್ ಡಯೋಡ್, ಜತೆಗೆ ಒಳ್ಳೆಯ ಅರ್ಥಿಂಗ್ ಇರಲಿ.

ಸೀಲ್ ಒಡೆಯುವ ಮುನ್ನ

ಇದೆಲ್ಲ ತಿಳಿದ ಮಾತ್ರಕ್ಕೆ ತಕ್ಕಡಿಯನ್ನು ಯಾರು ಬೇಕಾದರೂ ಬಿಚ್ಚುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ತೂಕದ ಯಂತ್ರ ರಿಪೇರಿ ಮಾಡುವವರಿಗೆ ಲೈಸೆನ್ಸ್ ಇರಬೇಕು. ಸೀಲ್ ಒಡೆದು ರಿಪೇರಿ ಆದ ಮೇಲೆ ಮತ್ತೆ ಪರಿಶೀಲನೆ, ಮುದ್ರೆ ಆಗಲೇಬೇಕು. ಮುದ್ರೆ ಇಲ್ಲದ ತಕ್ಕಡಿಯಲ್ಲಿ ವ್ಯಾಪಾರ ಮಾಡಿ ಸಿಕ್ಕಿಬಿದ್ದರೆ ದಂಡ ಕಟ್ಟುವುದು ಅಂಗಡಿಯವರೇ.

ಅಂಗಡಿಯವರು ತಾವೇ ಮಾಡಬಹುದಾದ ಪರೀಕ್ಷೆ ಇಷ್ಟು. ಮುದ್ರೆ ಇರುವ 1 ಕೆ.ಜಿ., 5 ಕೆ.ಜಿ. ಬಟ್ಟುಗಳನ್ನು ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಇಟ್ಟು ನೋಡಿ. ತಟ್ಟೆಯ ನಡುವೆಯೂ ನಾಲ್ಕು ಮೂಲೆಯಲ್ಲೂ ಇಡಿ. ಬಟ್ಟು ತೆಗೆದ ಮೇಲೆ ಸೊನ್ನೆಗೆ ವಾಪಸ್ ಬರುತ್ತದಾ ಗಮನಿಸಿ. ಮೂಲೆಯಲ್ಲಿ ಮಾತ್ರ ವ್ಯತ್ಯಾಸ ಬಂದರೆ ಲೋಡ್ ಸೆಲ್ ಕಡೆ, ಹೊತ್ತಿಗೆ ತಕ್ಕಂತೆ ಜಾರುತ್ತಿದ್ದರೆ ಬೋರ್ಡ್ ಕಡೆಗೂ ನೋಡಲು ರಿಪೇರಿಯವರಿಗೆ ಹೇಳಿ. ಹಾಕಿದ ಚಿಪ್‌ನ ನಂಬರ್ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ದಿನಕ್ಕೆ 100 ಗಿರಾಕಿಗಳಿಗೆ ತಲಾ 20 ಗ್ರಾಂ ಹೆಚ್ಚು ಹೋದರೆ ಅಂಗಡಿಗೆ 2 ಕೆ.ಜಿ. ನಷ್ಟ. ಕಡಿಮೆ ಹೋದರೆ ನಷ್ಟ ಗಿರಾಕಿಗೆ, ಕೆಟ್ಟ ಹೆಸರು ಅಂಗಡಿಗೆ.