ಹಂಟಿಂಗ್ಟನ್ ಕಾಯಿಲೆ: ವಾಸಿಯಾಗದಿದ್ದರೂ ಬದುಕು ಹಗುರ ಮಾಡಬಹುದು



ಮನೆ ಭೇಟಿಗೆ ಹೋದಾಗ ಸಂಘದ ಸದಸ್ಯೆಯೊಬ್ಬರು ನಮ್ಮ ಮುಂದೆ ಅತ್ತುಬಿಟ್ಟರು. "ಸಿಸ್ಟರ್, ನಮ್ಮ ಯಜಮಾನ್ರು ಒಂದು ತೊಟ್ಟೂ ಕುಡಿಯಲ್ಲ. ಆದ್ರೂ ಕುಡುಕ ಅಂತ ಬಸ್ಸಿಂದ ಇಳಿಸಿಬಿಟ್ರು." ಅವರ ಯಜಮಾನರ ಕೈಕಾಲು ತಾನಾಗಿಯೇ ಅಲುಗುತ್ತಿತ್ತು, ಮಾತು ತೊದಲುತ್ತಿತ್ತು. ಮಾವನಿಗೂ ಹೀಗೇ ಇತ್ತಂತೆ. ನರರೋಗ ತಜ್ಞರು ಪರೀಕ್ಷಿಸಿ, ಇದು ಹಂಟಿಂಗ್ಟನ್ ಕಾಯಿಲೆ ಎಂದರು.

ಏನಿದು?
1872ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ ಇದನ್ನು ವಿವರಿಸಿದರು. ಕಾರಣವಾದ ಜೀನ್ 1993ರಲ್ಲಿ ಪತ್ತೆಯಾಯಿತು. ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನಲ್ಲಿ ಶುರುವಾಗುತ್ತದೆ. ಮಿದುಳಿನ ಕೆಲವು ಜೀವಕೋಶಗಳು ನಿಧಾನವಾಗಿ ನಾಶವಾಗುತ್ತವೆ. ತಂದೆ ಅಥವಾ ತಾಯಿಗೆ ಇದ್ದರೆ, ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ 50. ಇದು ಅಂಟುರೋಗವಲ್ಲ, ಮಾಟವಲ್ಲ, ಸೊಸೆಯ ಕಾಲ್ಗುಣವಂತೂ ಅಲ್ಲವೇ ಅಲ್ಲ.

ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಆದರೆ ಅಲುಗಾಟ, ಬೇಸರ, ಸಿಟ್ಟು ಕಡಿಮೆ ಮಾಡುವ ಮಾತ್ರೆಗಳಿವೆ. ಉಳಿದದ್ದು ಮನೆಯವರ ಕೈಯಲ್ಲಿದೆ.

ಮನೆಯಲ್ಲಿ ಏನು ಮಾಡಬೇಕು?
• ಊಟ: ನೇರವಾಗಿ ಕೂರಿಸಿ, ಅವಸರಪಡಿಸದೆ ಸ್ವಲ್ಪ ಸ್ವಲ್ಪವೇ ಕೊಡಿ. ತಿನ್ನುವಾಗ ಮಾತಾಡಿಸಬೇಡಿ. ನೀರಾದ ಪದಾರ್ಥ ಶ್ವಾಸನಾಳಕ್ಕೆ ಹೋಗಬಹುದು. ನುಂಗಲು ಕಷ್ಟವಾದರೆ ಗಟ್ಟಿ ಗಂಜಿ, ಚೆನ್ನಾಗಿ ಹಿಸುಕಿದ ಅನ್ನ ಬೇಳೆ ಕೊಡಿ, ವೈದ್ಯರಿಗೂ ತಿಳಿಸಿ. ದೇಹದ ತೂಕ ಇಳಿಯುತ್ತದೆ, ಆದ್ದರಿಂದ ತುಪ್ಪ, ಮೊಟ್ಟೆ, ಬಾಳೆಹಣ್ಣು ಸೇರಿಸಿ.
• ಬೀಳದಂತೆ: ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಜಾರುವ ಚಾಪೆ ತೆಗೆಯಿರಿ. ಉರಿಯುವ ಒಲೆ ಹತ್ತಿರ ಒಬ್ಬರನ್ನೇ ಬಿಡಬೇಡಿ.
• ಮಾತು: ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಸಿಟ್ಟು, ಮಂಕುತನ ಕಾಯಿಲೆಯ ಭಾಗ, ಹಠವಲ್ಲ. ಸಾಯುವ ಮಾತಾಡಿದರೆ ಅಂದೇ ವೈದ್ಯರಿಗೆ ಹೇಳಿ.
• ಮಕ್ಕಳು: ರಕ್ತಪರೀಕ್ಷೆಯಿಂದ ಮುಂಚೆಯೇ ತಿಳಿಯಬಹುದು. ಆದರೆ 18 ತುಂಬಿದ ಮೇಲೆ, ಆಪ್ತಸಲಹೆ ಪಡೆದು, ಅವರೇ ತೀರ್ಮಾನಿಸಲಿ. ಮದುವೆಗೆಂದು ಯಾರೂ ಬಲವಂತ ಮಾಡಬಾರದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ನರರೋಗ ತಜ್ಞರಿದ್ದಾರೆ, ಆನುವಂಶಿಕ ಸಲಹೆಯೂ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ದೀರ್ಘಕಾಲದ ನರರೋಗಗಳೂ ಸೇರಿವೆ. ಯುಡಿಐಡಿ ಕಾರ್ಡಿನ ಬಗ್ಗೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಸಂಘ ಏನು ಮಾಡಬಹುದು?
ನೋಡಿಕೊಳ್ಳುವವಳಿಗೆ ಬಿಡುವೇ ಇರುವುದಿಲ್ಲ. ಆ ಸಹೋದರಿ ಉಳಿತಾಯದ ಸಭೆಗೂ ಬರುವುದನ್ನು ಬಿಟ್ಟಿದ್ದರು. ಈಗ ಸಭೆಯ ದಿನ ಸದಸ್ಯೆಯರಲ್ಲಿ ಒಬ್ಬರು ಸರದಿಯಂತೆ ಅವರ ಮನೆಯಲ್ಲಿ ಎರಡು ಗಂಟೆ ಕೂರುತ್ತಾರೆ. ಯಜಮಾನರ ಜೇಬಿನಲ್ಲಿ ವೈದ್ಯರ ಚೀಟಿ ಇರುತ್ತದೆ, ಬಸ್ಸಿನಲ್ಲಿ ಯಾರಾದರೂ ಕೇಳಿದರೆ ತೋರಿಸುತ್ತಾರೆ. ಕಾಯಿಲೆ ಹೋಗಿಲ್ಲ. ಆದರೆ ಆ ಊರಲ್ಲಿ ಈಗ ಅವರನ್ನು ಯಾರೂ ಕುಡುಕ ಅನ್ನುವುದಿಲ್ಲ.

ನಿಮ್ಮೂರಲ್ಲೂ ಇಂಥ ಮನೆ ಇದೆಯೇ? ಮುಂದಿನ ಸಭೆಯಲ್ಲಿ ವಿಚಾರಿಸಿ, ನಮಗೂ ತಿಳಿಸಿ.