ಉರುವಲಿನ ಉಳಿತಾಯ: ಬಚ್ಚಲಿನಲ್ಲಿ ಮತ್ತು ಅಡಿಗೆಯ ಮನೆಯಲ್ಲಿ

ಮುಂಬಯಿಯಲ್ಲಿ ಚಳಿ ಎಂದರೆ ಘಟ್ಟದ ಮೇಲಿನವರು ನಕ್ಕಾರು. ಸಾಂತಾಕ್ರೂಜದಲ್ಲಿ 1962ರ ಜನವರಿ 22ರಂದು ಉಷ್ಣತೆಯು 7.4 ಡಿಗ್ರಿಗೆ ಇಳಿದುದನ್ನು ಹಳಬರು ಇಂದಿಗೂ ವಿಶೇಷವೆಂದೇ ಹೇಳುತ್ತಾರೆ. ಶೀತದೇಶದವರಂತೆ ಮನೆಯನ್ನೇ ಕಾಯಿಸಬೇಕಾದ ಕಷ್ಟ ನಮಗಿಲ್ಲ. ಆದರೂ ತಿಂಗಳ ಕೊನೆಯಲ್ಲಿ ವಿದ್ಯುತ್ತಿನ ಬಿಲ್ಲನ್ನೂ ಗ್ಯಾಸಿನ ಖರ್ಚನ್ನೂ ಕೂಡಿಸಿ ನೋಡಿದರೆ, ಕಾಯಿಸುವುದಕ್ಕಾಗಿ ನಾವು ತೆರುವ ಹಣವೇನೂ ಅಲ್ಪವಲ್ಲವೆಂಬುದು ತಿಳಿದೀತು. ಅದು ಹೋಗುವ ದಾರಿಗಳು ಮುಖ್ಯವಾಗಿ ಎರಡು: ಸ್ನಾನದ ನೀರು ಮತ್ತು ಅನ್ನದ ಪಾತ್ರೆ.

ಊರಿನ ಬಚ್ಚಲಲ್ಲಿ ಹಂಡೆಯ ಕೆಳಗೆ ತೆಂಗಿನ ಸಿಪ್ಪೆ, ಮಡಲು, ಒಣಗಿದ ತರಗೆಲೆಗಳು ಉರಿಯುತ್ತಿದ್ದವು. ಅದಕ್ಕೆ ಬಿಲ್ಲು ಬರುತ್ತಿರಲಿಲ್ಲ. ಹಾಗಿದ್ದೂ ಆ ಉರಿಯನ್ನು ಪೋಲು ಮಾಡಬಾರದೆಂದು ಯೋಚಿಸಿದವರುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ಕಡಮೆ ಸೌದೆಯಲ್ಲಿ ಅಡಿಗೆಯಾಗುವ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳಿಗೆ ನೀಡಿದರು. ಸೌದೆಗೇ ಇಷ್ಟು ವಿಚಾರ ಸಲ್ಲುವುದಾದರೆ, ಹಣ ತೆತ್ತು ಕೊಳ್ಳುವ ಉರಿಗೆ ಇನ್ನೆಷ್ಟು ಸಲ್ಲಬೇಕು!

ಮೊದಲು ಸ್ನಾನದ ಲೆಕ್ಕ. ಇಪ್ಪತ್ತು ಲೀಟರಿನ ಒಂದು ಬಕೆಟ್ಟು ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಬೇಕಾದುದು 300 ಕಿಲೋಕ್ಯಾಲರಿ ಶಾಖ; ಎಂದರೆ ಒಂದು ಯೂನಿಟ್ಟಿನ ಸುಮಾರು ಮೂರನೆಯ ಒಂದು ಪಾಲು ವಿದ್ಯುತ್ತು. ಹದಿನೈದು ಲೀಟರಿನ ಗೀಸರನ್ನು 60 ಡಿಗ್ರಿಯವರೆಗೆ ಕಾಯಿಸಿದರೆ ತಗಲುವುದು ಸುಮಾರು 0.6 ಯೂನಿಟ್ಟು, ತಣ್ಣೀರು ಬೆರೆಸಿದರೆ ಅದರಿಂದ ಹೆಚ್ಚುಕಡಮೆ ಎರಡು ಬಕೆಟ್ಟು ಹದವಾದ ನೀರು ದೊರೆಯುತ್ತದೆ. ಒಬ್ಬನು ಮಿಂದು ಕೆಲಸಕ್ಕೆ ಓಡಿ, ಇನ್ನೊಬ್ಬನು ಎರಡು ತಾಸಿನ ಅನಂತರ ಏಳುವುದಾದರೆ, ಉಳಿದ ನೀರು ತೊಟ್ಟಿಯಲ್ಲೇ ತಣಿಯುತ್ತದೆ. ಗುಂಡಿಯನ್ನು ಆರಿಸದೆ ಬಿಟ್ಟರೆ ತಣಿದ ನೀರು ಮತ್ತೆ ಮತ್ತೆ ಕಾಯುತ್ತಿರುತ್ತದೆ. ನಾಲ್ಕಾರು ಜನ ಕೂಡಿ ಒಂದೇ ಕೋಣೆ ಹಿಡಿದಿರುವ ನಮ್ಮ ಹೋಟೆಲು ಬಂಧುಗಳು ಒಬ್ಬರ ಬೆನ್ನಿಗೇ ಒಬ್ಬರು ಸ್ನಾನ ಮುಗಿಸಿದರೆ ಇದೊಂದೇ ಕ್ರಮದಿಂದ ಬಿಲ್ಲು ಇಳಿದೀತು. ಮುಂಬಯಿಯ ಮನೆಬಳಕೆಯ ದರವು 100 ಯೂನಿಟ್ಟು ದಾಟಿದೊಡನೆ ಏರುತ್ತದೆ. 300 ದಾಟಿದರೆ ಇನ್ನೂ ಏರುತ್ತದೆ. ಆದುದರಿಂದ ನಾವು ಉಳಿಸುವುದು ಯಾವಾಗಲೂ ದುಬಾರಿಯ ಕೊನೆಯ ಯೂನಿಟ್ಟುಗಳನ್ನೇ.

ಇನ್ನು ಅಡಿಗೆಯ ಮನೆ. ಕುದಿ ಬಂದ ನೀರಿನ ಕೆಳಗೆ ಎಷ್ಟೇ ದೊಡ್ಡ ಉರಿ ಹಾಕಿದರೂ ಅದು ಕುದಿಯುವ ಮಟ್ಟಕ್ಕಿಂತ ಬಿಸಿಯಾಗದು. ಅಕ್ಕಿಯೂ ಬೇಗ ಬೇಯದು. ಹೆಚ್ಚಿನ ಉರಿ ಆವಿಯಾಗಿ ಕಿಟಕಿಯ ಹೊರಗೆ ಹೋಗುತ್ತದೆ, ಅಷ್ಟೆ. ಒಂದು ಲೀಟರು ಕುದಿಯುವ ನೀರನ್ನು ಆವಿ ಮಾಡಲು ಸುಮಾರು 540 ಕಿಲೋಕ್ಯಾಲರಿ ಬೇಕು. ಎಂದರೆ ಮುಚ್ಚಳವಿಲ್ಲದ ಪಾತ್ರೆಯಿಂದ ಒಂದು ಲೀಟರು ಆರಿಹೋದರೆ, ಒಂದೂವರೆ ಬಕೆಟ್ಟಿಗೂ ಮಿಕ್ಕಿ ಸ್ನಾನದ ನೀರು ಆರಿಹೋದಂತೆಯೇ!

ಕುಚ್ಚಲಕ್ಕಿಯ ಅನ್ನವಿಲ್ಲದೆ ಊಟವಾಗದ ಕರಾವಳಿಯವರಾದ ನಮಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಅಕ್ಕಿಯನ್ನು ಮೊದಲೇ ನೆನೆಯಿಟ್ಟು, ಮುಚ್ಚಳವಿಟ್ಟು ಕೆಲಹೊತ್ತು ಚೆನ್ನಾಗಿ ಕುದಿಸಿ, ಪಾತ್ರೆಯ ಸಹಿತ ಶಾಖ ಕಾಯ್ದಿಡುವ ಥರ್ಮಲ್ ಕುಕ್ಕರಿನಲ್ಲಿ ಇರಿಸಿದರೆ, ಮುಂದಿನ ಬೇಯುವಿಕೆಯು ಒಲೆಯ ಹಂಗಿಲ್ಲದೆ ಆಗುತ್ತದೆ. ಬೇಳೆಗೆ ಪ್ರೆಶರ್ ಕುಕ್ಕರು ಇದ್ದೇ ಇದೆ. ಒಲೆಯ ಜ್ವಾಲೆಯು ಹಳದಿಗೆ ತಿರುಗಿದರೆ ಬರ್ನರನ್ನು ಶುಚಿಗೊಳಿಸತಕ್ಕದ್ದು.

ಆದರೆ ಉಳಿತಾಯದ ಹೆಸರಿನಲ್ಲಿ ಪ್ರಾಣಕ್ಕೆ ಸಂಚಕಾರ ತಂದುಕೊಳ್ಳಬಾರದು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರು ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹಿಂದಿರುಗದ ದುರಂತಗಳು ಈ ನಗರದಲ್ಲಿಯೂ ನಡೆದಿವೆ. ಅಂತಹ ಗೀಸರು ಬಚ್ಚಲಿನ ಹೊರಗೆ, ಗಾಳಿ ಬೀಸುವೆಡೆಯಲ್ಲಿಯೇ ಇರಬೇಕು. ನೀರು ಕಾಯಿಸುವ ವಿದ್ಯುತ್ ರಾಡನ್ನು ಲೋಹದ ಬಕೆಟ್ಟಿನಲ್ಲಿ ಇಡಲಾಗದು; ಪ್ಲಗ್ಗನ್ನು ಕಳಚುವ ಮೊದಲು ಬಿಸಿ ನೋಡಲೆಂದು ನೀರಿಗೆ ಬೆರಳನ್ನೂ ತಾಗಿಸಲಾಗದು. ಎರಡು ಯೂನಿಟ್ಟು ಉಳಿಸಹೋಗಿ ಮನೆಯ ಆಧಾರವನ್ನೇ ಕಳೆದುಕೊಂಡರೆ ಊರಿನಲ್ಲಿ ಕಾದಿರುವವರ ಗತಿಯೇನು?

ಹೋಟೆಲಿನ ಒಲೆಯ ಖರ್ಚು ಧಣಿಗಳದು, ಕಚೇರಿಯ ದೀಪದ ಖರ್ಚು ಕಚೇರಿಯದು. ಆದರೆ ಮನೆಯ ಉರಿಯ ಖರ್ಚು ನಮ್ಮ ಬೆವರಿನದು. ಮುಚ್ಚಳವನ್ನು ಮುಚ್ಚಲು, ಗುಂಡಿಯನ್ನು ಆರಿಸಲು ಬಂಡವಾಳವೇನೂ ಬೇಡ. ಹೀಗೆ ಉಳಿದ ಹಣವು ತಿಂಗಳ ಮೊದಲ ವಾರದಲ್ಲಿ ಊರಿಗೆ ಕಳುಹಿಸುವ ಮೊತ್ತಕ್ಕೆ ಕೂಡಿಕೊಂಡರೆ, ಅಲ್ಲಿ ತಂಗಿಯ ಪುಸ್ತಕಕ್ಕೋ ತಾಯಿಯ ಔಷಧಕ್ಕೋ ಒದಗೀತು. ಈ ತಿಂಗಳ ಬಿಲ್ಲನ್ನು ಎತ್ತಿಟ್ಟುಕೊಂಡು, ಮುಂದಿನ ತಿಂಗಳ ಬಿಲ್ಲಿನೊಡನೆ ಹೋಲಿಸಿ ನೋಡಬೇಕೆಂದು ನಮ್ಮ ಓದುಗ ಬಂಧುಗಳಲ್ಲಿ ವಿನಂತಿ.