ಓಡುವವರ ಒಡಲಿನ ಕಬ್ಬಿಣ

ಭದ್ರಾವತಿಯ ಜನಕ್ಕೆ ಕಬ್ಬಿಣದ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಮಲೆನಾಡಿನ ಇದ್ದಲಿನ ಉರಿಯಲ್ಲಿ ಕರಗಿ, 1923ರಿಂದ ಇಲ್ಲಿ ಬೀಡುಕಬ್ಬಿಣವಾಗಿ ಹರಿಯಿತು. ನಾನಿಂದು ಹೇಳಹೊರಟಿರುವುದು ಮತ್ತೊಂದು ಕಬ್ಬಿಣದ ಮಾತು. ಅದು ನಮ್ಮ ಮೈಯೊಳಗಿನದು. ತೂಗಿದರೆ ಮೂರು ನಾಲ್ಕು ಗ್ರಾಂ, ಒಂದು ಮೊಳೆಯಷ್ಟು.

ನನ್ನ ತಂಗಿಯ ಮಗಳು ಕಾಗದನಗರದ ರಸ್ತೆಗಳಲ್ಲಿ ದೂರದ ಓಟವನ್ನು ಅಭ್ಯಾಸ ಮಾಡುತ್ತಿದ್ದಳು. ಕೆಲವು ತಿಂಗಳಲ್ಲಿ ಅವಳ ವೇಗ ಕುಗ್ಗಿತು. ಸಂಜೆಯಾದರೆ ಪುಸ್ತಕ ಹಿಡಿಯಲೂ ತ್ರಾಣವಿಲ್ಲ. ತರಬೇತಿ ಕೊಡುವವರು ಸೋಮಾರಿತನವೆಂದರು. ನಾನೂ ಹಾಗೆಯೇ ಗದರಿಸಿದೆ. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಆದರೆ ದೇಹದ ಕಬ್ಬಿಣದ ದಾಸ್ತಾನನ್ನು ಸೂಚಿಸುವ ಫೆರಿಟಿನ್ ತಳಮುಟ್ಟಿತ್ತು. ಕಣಜ ಬರಿದಾದರೂ ಅಡಿಗೆಮನೆಯಲ್ಲಿ ಇನ್ನೂ ಒಲೆ ಉರಿಯುತ್ತಿದ್ದಂತೆ!

ಹೊಸ ರಕ್ತಕಣಗಳಿಗಾಗಿ ದೇಹಕ್ಕೆ ದಿನವೊಂದಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಆಹಾರದಿಂದ ರಕ್ತಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದುದೆಲ್ಲ ಹಳೆಯ ಸಾಮಾನಿನಿಂದಲೇ ಒದಗಬೇಕು: ಮುಪ್ಪಾದ ರಕ್ತಕಣಗಳನ್ನು ಗುಲ್ಮ, ಯಕೃತ್ತುಗಳಲ್ಲಿ ಒಡೆದು, ಅದೇ ಕಬ್ಬಿಣವನ್ನು ಮತ್ತೆ ಬಳಸುವ ಮಿತವ್ಯಯದ ಕಾರ್ಖಾನೆ ಇದು.

ದೂರದ ಓಟವು ಈ ಮಿತವ್ಯಯವನ್ನು ಕೆಡಿಸುತ್ತದೆ. ಪಾದ ನೆಲಕ್ಕೆ ಅಪ್ಪಳಿಸಿದಾಗಲೆಲ್ಲ ಅಂಗಾಲಿನ ಸೂಕ್ಷ್ಮನಾಳಗಳಲ್ಲಿ ಕೆಲವು ರಕ್ತಕಣಗಳು ಒಡೆಯುತ್ತವೆ. ದೀರ್ಘ ನಡಿಗೆಯ ತರುವಾಯ ಸೈನಿಕನೊಬ್ಬನ ಮೂತ್ರ ಕೆಂಪಾದುದನ್ನು ಜರ್ಮನಿಯ ವೈದ್ಯರೊಬ್ಬರು 1881ರಲ್ಲಿಯೇ ವರದಿ ಮಾಡಿದ್ದರು. ಬೆವರಿನಲ್ಲಿ ಒಂದಿಷ್ಟು, ಕರುಳಿನ ಸಣ್ಣ ಸ್ರಾವದಲ್ಲಿ ಒಂದಿಷ್ಟು ಹೋಗುತ್ತದೆ. ಹೆಣ್ಣುಮಕ್ಕಳಿಗೆ ಮಾಸಿಕ ಸ್ರಾವದ ನಷ್ಟ ಬೇರೆ.

ಇವೆಲ್ಲಕ್ಕಿಂತ ವಿಚಿತ್ರವಾದುದು ಹೆಪ್ಸಿಡಿನ್ನಿನ ವರ್ತನೆ. ಯಕೃತ್ತು ಸ್ರವಿಸುವ ಈ ಹಾರ್ಮೋನು ಕಬ್ಬಿಣದ ಬಾಗಿಲು ಕಾಯುವ ದ್ವಾರಪಾಲಕ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಆದುದರಿಂದ ಸೋಂಕು ತಗುಲಿದಾಗ ಹೆಪ್ಸಿಡಿನ್ ಹೆಚ್ಚಿ, ಕರುಳಿನಿಂದಲೂ ದಾಸ್ತಾನಿನಿಂದಲೂ ಕಬ್ಬಿಣ ರಕ್ತಕ್ಕೆ ಬಾರದಂತೆ ತಡೆಯುತ್ತದೆ. ಸುದೀರ್ಘ ಓಟದಲ್ಲಿ ಸ್ನಾಯುಗಳು ಹೊರಸೂಸುವ ರಾಸಾಯನಿಕ ಸಂದೇಶವೂ ಯಕೃತ್ತಿಗೆ ಸೋಂಕಿನ ಸುದ್ದಿಯಂತೆಯೇ ಕೇಳುತ್ತದೆ. ಓಟ ಮುಗಿದ ಮೂರರಿಂದ ಆರು ಗಂಟೆಗಳ ಅವಧಿಯಲ್ಲಿ ಹೆಪ್ಸಿಡಿನ್ ಏರುತ್ತದೆ. ಕಬ್ಬಿಣ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಬಾಗಿಲು ಮುಚ್ಚುತ್ತದೆ! ಎಲೆಯ ತುಂಬ ಊಟ ಬಡಿಸಿದರೂ ಓಟಗಾರ್ತಿಯ ರಕ್ತ ಹಸಿದಿರುವುದಕ್ಕೆ ಇದೊಂದು ಕಾರಣ.

ಹಾಗೆಂದು ಓಟಗಾರರ ಹಿಮೋಗ್ಲೋಬಿನ್ ತುಸು ಇಳಿದೊಡನೆ ಗಾಬರಿಯಾಗಬೇಕಿಲ್ಲ. ಅಭ್ಯಾಸದಿಂದ ರಕ್ತದ ದ್ರವಭಾಗ ಹೆಚ್ಚಿ, ಕಣಗಳು ತೆಳುವಾಗಿ ಹರಡಿದಂತೆ ಕಾಣುವುದೂ ಉಂಟು. ನಿಜವಾದ ಕೊರತೆಯನ್ನು ಪರೀಕ್ಷೆಯೇ ಹೇಳಬೇಕು. ಕಬ್ಬಿಣದ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನುಂಗುವುದು ತರವಲ್ಲ; ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ದೇಹಕ್ಕಿಲ್ಲ, ಅದು ಶೇಖರವಾಗುತ್ತ ಹೋದರೆ ಯಕೃತ್ತಿಗೂ ಹೃದಯಕ್ಕೂ ಕೇಡು. ರಾಗಿ, ಸೊಪ್ಪು, ಹುರುಳಿಗಳ ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಅವುಗಳ ಕಬ್ಬಿಣ ಹೆಚ್ಚು ದಕ್ಕುತ್ತದೆ. ಊಟದ ಜೊತೆಯ ಕಾಫಿ ಅದನ್ನು ಕಸಿಯುತ್ತದೆ. ವೈದ್ಯರು ಮಾತ್ರೆ ಕೊಟ್ಟಿದ್ದರೆ, ಬೆಳಗಿನ ಹೊತ್ತು, ಹೆಪ್ಸಿಡಿನ್ ಏರುವ ಮುನ್ನ, ಅದನ್ನು ತೆಗೆದುಕೊಳ್ಳುವುದು ಲೇಸು.

ವೈದ್ಯರ ಸಲಹೆಯಂತೆ ನಡೆದ ಹುಡುಗಿ ಕೆಲವು ತಿಂಗಳ ಮೇಲೆ ಮತ್ತೆ ಓಡಿದಳು. "ಮಾವ, ನಾನು ಸೋಮಾರಿಯಾಗಿರಲಿಲ್ಲ ಅಲ್ಲವೆ?" ಎಂದು ಕೇಳಿದಳು. ಕಬ್ಬಿಣದ ಊರಿನಲ್ಲಿ ಬೆಳೆದ ನಾನು ತಲೆತಗ್ಗಿಸಿದೆ. ದಣಿದವರನ್ನು ಗದರಿಸುವ ಮುನ್ನ ಅವರ ರಕ್ತವನ್ನು ಒಮ್ಮೆ ವಿಚಾರಿಸಿಕೊಳ್ಳೋಣ.